ರಕ್ತದ ಕ್ಯಾನ್ಸರಿಗೆ ಮೊದಲ ಚಿಕಿತ್ಸೆ: ನಮ್ಮ ಗುಂಪಿನ ಪ್ರಶ್ನೆಗಳು, ಡಾಕ್ಟರ ಉತ್ತರಗಳು

ಪ್ರಶ್ನೆ (ಸೇಡಂ ಕಡೆಯ ಸದಸ್ಯ):
ನಮಸ್ಕಾರ್ರಿ ಡಾಕ್ಟ್ರೇ. ನನ್ನ ತಮ್ಮನಿಗೆ 19 ವರ್ಷ. ಮೂರು ವಾರದಿಂದ ಜ್ವರ, ನಿಶ್ಶಕ್ತಿ, ಹಲ್ಲುಜ್ಜಿದರೆ ವಸಡಿನಿಂದ ರಕ್ತ. ಮೊದಲು ಡೆಂಗಿ ಅಂದುಕೊಂಡು ಊರಲ್ಲೇ ಸಲೈನ್ ಹಾಕಿಸಿದೆವು, ಪಪ್ಪಾಯಿ ಎಲೆ ರಸ ಕುಡಿಸಿದೆವು. ಆಮೇಲೆ ರಕ್ತ ತಪಾಸಣೆ ಮಾಡಿಸಿದರೆ ಪ್ಲೇಟ್‌ಲೆಟ್ 18,000, ಬಿಳಿ ರಕ್ತಕಣ 86,000 ಅಂತ ಬಂತು. ಕಲಬುರಗಿಯಲ್ಲಿ ಬೋನ್ ಮ್ಯಾರೋ ಟೆಸ್ಟ್ ಮಾಡಿ ಎಎಂಎಲ್ ಎಂಬ ರಕ್ತದ ಕ್ಯಾನ್ಸರ್ ಎಂದು ಬರೆದಿದ್ದಾರೆ. ತಕ್ಷಣ ಅಡ್ಮಿಟ್ ಆಗಬೇಕು, ಒಂದು ತಿಂಗಳು ದವಾಖಾನೆಯಲ್ಲೇ ಇರಬೇಕು ಅನ್ನುತ್ತಾರೆ. ನಮ್ಮ ದೊಡ್ಡಪ್ಪನ ಮಗನಿಗೂ ರಕ್ತದ ಕ್ಯಾನ್ಸರೇ ಇದೆ. ಅವನು ದಿನಕ್ಕೊಂದು ಗುಳಿಗೆ ನುಂಗಿ ಆರಾಮಾಗಿ ಹೊಲಕ್ಕೆ ಹೋಗುತ್ತಾನೆ. ತಮ್ಮನಿಗೂ ಅದೇ ಗುಳಿಗೆ ಕೊಡಬಹುದಲ್ವಾ? ಕೀಮೋ ಕೊಟ್ಟರೆ ಹುಡುಗ ಉಳಿಯುವುದಿಲ್ಲ ಎಂದು ಊರಲ್ಲಿ ಹೆದರಿಸುತ್ತಾರೆ. ತೊಗರಿ ರಾಶಿ ಮುಗಿಸಿ ಹದಿನೈದು ದಿನ ಬಿಟ್ಟು ಹೋದರೆ ನಡೆಯುತ್ತದಾ?

ಉತ್ತರ:
ಅಣ್ಣಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಹದಿನೈದು ದಿನ ಬಿಡಬೇಡಿ. ರಾಶಿಯನ್ನು ಬೇರೆ ಯಾರಿಗಾದರೂ ಒಪ್ಪಿಸಿ, ಇವತ್ತೇ ತಮ್ಮನನ್ನು ಅಡ್ಮಿಟ್ ಮಾಡಿ. ಈ ಲೆಕ್ಕದ ರಕ್ತ ಇಟ್ಟುಕೊಂಡು ಮನೆಯಲ್ಲಿರುವುದು ಅಪಾಯ. ಪ್ಲೇಟ್‌ಲೆಟ್ ಇಷ್ಟು ಕಮ್ಮಿ ಇದ್ದಾಗ ಮೆದುಳಿನಲ್ಲಿ ರಕ್ತ ಒಸರಬಹುದು. ಬಿಳಿ ಕಣ ಇಷ್ಟು ಜಾಸ್ತಿ ಇದ್ದಾಗ ಅವು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಉಸಿರಾಟಕ್ಕೆ ತೊಂದರೆ ಆಗಬಹುದು. ಎಎಂಎಲ್‌ನಲ್ಲಿ ನಾವು ಲೆಕ್ಕ ಹಾಕುವುದು ದಿನಗಳಲ್ಲಿ, ವಾರಗಳಲ್ಲಿ ಅಲ್ಲ.

ಈಗ ಗುಳಿಗೆ ವಿಷಯ. ರಕ್ತದ ಕ್ಯಾನ್ಸರ್ ಎಂದರೆ ಒಂದೇ ಕಾಯಿಲೆ ಅಲ್ಲ. ನಿಮ್ಮ ದೊಡ್ಡಪ್ಪನ ಮಗನಿಗೆ ಇರುವುದು ಬಹುಶಃ ಸಿಎಂಎಲ್. ಅದು ನಿಧಾನದ ಕಾಯಿಲೆ. 9ನೇ ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ಒಂದು ಕೆಟ್ಟ ಜೀನ್ ಹುಟ್ಟುತ್ತದೆ. ಇಡೀ ಕಾಯಿಲೆ ನಿಂತಿರುವುದು ಅದೊಂದರ ಮೇಲೆ. ಇಮಾಟಿನಿಬ್ ಗುಳಿಗೆ ಆ ಜೀನ್ ಮಾಡುವ ಕೆಲಸವನ್ನು ತಡೆಯುತ್ತದೆ. 2001ರಲ್ಲಿ ಈ ಔಷಧಿ ಬಂದ ಮೇಲೆ ಸಿಎಂಎಲ್ ರೋಗಿಗಳ ಬದುಕೇ ಬದಲಾಯಿತು. ನಮ್ಮ ದೇಶದ ಕಂಪನಿಗಳೂ ಇದನ್ನು ಮಾಡುತ್ತವೆ. 2013ರಲ್ಲಿ ಸುಪ್ರೀಂ ಕೋರ್ಟ್ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು, ಹಾಗಾಗಿ ಕಡಿಮೆ ಬೆಲೆಯ ಗುಳಿಗೆ ನಮಗೆ ಸಿಗುತ್ತಲೇ ಇದೆ. ನಿಮ್ಮ ದೊಡ್ಡಪ್ಪನ ಮಗನಿಗೂ ಒಂದು ಮಾತು ಹೇಳಿ: ಆರಾಮಿದೆ ಎಂದು ಆ ಗುಳಿಗೆಯನ್ನು ತಾನಾಗಿ ಬಿಡಬಾರದು. ಡಾಕ್ಟರ್ ಹೇಳಿದ ಸಮಯಕ್ಕೆ ಬಿಸಿಆರ್-ಎಬಿಎಲ್ ಟೆಸ್ಟ್ ಮಾಡಿಸುತ್ತಿರಬೇಕು.

ತಮ್ಮನ ಎಎಂಎಲ್ ಬೇರೆ ಜಾತಿಯದು. ಮಜ್ಜೆಯಲ್ಲಿ (ಬೋನ್ ಮ್ಯಾರೋ, ಎಲುಬಿನೊಳಗೆ ರಕ್ತ ಹುಟ್ಟುವ ಜಾಗ) ಹುಟ್ಟುವ ಎಳೆ ಕಣಗಳು ಬಲಿಯುವುದೇ ಇಲ್ಲ, ಹಾಗೇ ಹೆಚ್ಚುತ್ತಾ ಹೋಗುತ್ತವೆ. ಇವಕ್ಕೆ ಬ್ಲಾಸ್ಟ್ ಅನ್ನುತ್ತೇವೆ. ಅವು ಜಾಗ ತುಂಬಿಕೊಂಡಾಗ ಒಳ್ಳೆಯ ರಕ್ತ ಹುಟ್ಟಲು ಜಾಗವೇ ಇರುವುದಿಲ್ಲ. ಕೆಂಪು ಕಣ ಇಲ್ಲದ್ದಕ್ಕೆ ನಿಶ್ಶಕ್ತಿ, ಪ್ಲೇಟ್‌ಲೆಟ್ ಇಲ್ಲದ್ದಕ್ಕೆ ವಸಡಿನ ರಕ್ತ, ಕೆಲಸಕ್ಕೆ ಬರುವ ಬಿಳಿ ಕಣ ಇಲ್ಲದ್ದಕ್ಕೆ ಜ್ವರ. 86,000 ಬಿಳಿ ಕಣ ಇದ್ದರೂ ಸೋಂಕಿನ ಜೊತೆ ಹೋರಾಡುವಂಥವು ಅದರಲ್ಲಿ ಬಹಳ ಕಮ್ಮಿ. ಇದರ ಹಿಂದೆ ಒಂದಲ್ಲ, ಹಲವು ಜೀನ್‌ಗಳ ದೋಷ ಇರುತ್ತದೆ. ಹಾಗಾಗಿ ಒಂದೇ ಗುಳಿಗೆಯಿಂದ ಇದು ನಿಲ್ಲುವುದಿಲ್ಲ. ಪಪ್ಪಾಯಿ ಎಲೆ ರಸ ಎಷ್ಟು ಕುಡಿಸಿದರೂ ಪ್ಲೇಟ್‌ಲೆಟ್ ಏರುವುದಿಲ್ಲ, ಯಾಕೆಂದರೆ ಪ್ಲೇಟ್‌ಲೆಟ್ ಮಾಡುವ ಜಾಗವೇ ಮುಚ್ಚಿಹೋಗಿದೆ.

ಮೊದಲ ಚಿಕಿತ್ಸೆಗೆ ಇಂಡಕ್ಷನ್ ಎನ್ನುತ್ತಾರೆ. ಮಜ್ಜೆಯನ್ನು ಖಾಲಿ ಮಾಡಿ, ಒಳ್ಳೆಯ ರಕ್ತ ಮತ್ತೆ ಹುಟ್ಟುವಂತೆ ಮಾಡುವುದು ಇದರ ಗುರಿ. ಈ ವಯಸ್ಸಿನವರಿಗೆ ಸಾಮಾನ್ಯವಾಗಿ ಕೊಡುವುದು ಏಳು-ಮೂರು ಎಂಬ ಕೋರ್ಸ್. ಸೈಟರಾಬಿನ್ ಏಳು ದಿನ ಹಗಲು ರಾತ್ರಿ ಸಲೈನ್‌ನಲ್ಲಿ ಹೋಗುತ್ತದೆ. ಮೊದಲ ಮೂರು ದಿನ ಅದರ ಜೊತೆಗೆ ಡಾನೊರುಬಿಸಿನ್ ಎಂಬ ಕೆಂಪು ಔಷಧಿ. 1970ರ ದಶಕದಿಂದ ಇದೇ ಅಡಿಪಾಯ. ಈಗ ಕೆಲವು ಜೀನ್ ದೋಷಗಳಿಗೆ, ಉದಾಹರಣೆಗೆ ಎಫ್‌ಎಲ್‌ಟಿ3 ಇದ್ದರೆ, ಜೊತೆಗೆ ಗುಳಿಗೆಯನ್ನೂ ಸೇರಿಸುತ್ತಾರೆ. ಕೆಂಪು ಔಷಧಿ ಹೋದ ದಿನ ಮೂತ್ರ ಕೆಂಪಾಗಿ ಬರುತ್ತದೆ. ಅದು ಔಷಧಿಯ ಬಣ್ಣ, ಹೆದರಬೇಡಿ. ಎರಡು ಮೂರು ದಿನ ಕಳೆದ ಮೇಲೂ ಕೆಂಪಾಗೇ ಇದ್ದರೆ ಮಾತ್ರ ಸಿಸ್ಟರ್‌ಗೆ ಹೇಳಿ.

ಕೀಮೋಗೆ ಮುಂಚೆಯೇ ಸಲೈನ್ ಜೋರಾಗಿ ಹಾಕುತ್ತಾರೆ, ಅಲೋಪ್ಯೂರಿನಾಲ್ ಗುಳಿಗೆ ಕೊಡುತ್ತಾರೆ. ಕ್ಯಾನ್ಸರ್ ಕಣಗಳು ಒಮ್ಮೆಲೇ ಒಡೆದಾಗ ಯೂರಿಕ್ ಆಸಿಡ್, ಪೊಟ್ಯಾಶಿಯಂ ರಕ್ತಕ್ಕೆ ಸೇರಿ ಮೂತ್ರಪಿಂಡ, ಹೃದಯ ಎರಡಕ್ಕೂ ಪೆಟ್ಟಾಗಬಹುದು. ಅದನ್ನು ತಡೆಯುವುದಕ್ಕೆ ಈ ತಯಾರಿ. ಬಿಳಿ ಕಣ ಇಳಿಸಲು ಮೊದಲು ಒಂದೆರಡು ದಿನ ಹೈಡ್ರಾಕ್ಸಿಯೂರಿಯಾ ಕೊಟ್ಟರೂ ಆಶ್ಚರ್ಯ ಪಡಬೇಡಿ. ಹಾರ್ಟ್ ಎಕೋ ಮಾಡಿಸುತ್ತಾರೆ, ಯಾಕೆಂದರೆ ಆ ಕೆಂಪು ಔಷಧಿ ಹೃದಯಕ್ಕೆ ಭಾರ.

ಊರಲ್ಲಿ ಹೆದರಿಸುತ್ತಾರಲ್ಲ, ಆ ಮಾತು ಎಲ್ಲಿಂದ ಬಂತು ಅಂತ ಹೇಳುತ್ತೇನೆ. ಕೀಮೋ ಏಳು ದಿನಕ್ಕೆ ಮುಗಿಯುತ್ತದೆ. ಆದರೆ ಎರಡನೆಯ ಮತ್ತು ಮೂರನೆಯ ವಾರ ಹುಡುಗ ಮೊದಲಿಗಿಂತ ಸೋತುಹೋದಂತೆ ಕಾಣುತ್ತಾನೆ. ಬಿಳಿ ಕಣ ಸೊನ್ನೆ ಹತ್ತಿರ ಬರುತ್ತವೆ. ಬಾಯಲ್ಲಿ ಹುಣ್ಣು, ಭೇದಿ, ಜ್ವರ, ಕೂದಲು ಉದುರುವುದು ಎಲ್ಲ ಆಗಲೇ ಶುರು. ದಿನ ಬಿಟ್ಟು ದಿನ ಪ್ಲೇಟ್‌ಲೆಟ್ ಬೇಕಾಗಬಹುದು. ಕೆಲವು ಮನೆಯವರು ಈ ಹೊತ್ತಿನಲ್ಲಿ ಹೆದರಿ, ಸಹಿ ಹಾಕಿ ಊರಿಗೆ ಕರೆದುಕೊಂಡು ಹೋಗುತ್ತಾರೆ. ರೋಗಿಗೆ ದವಾಖಾನೆ ಎಲ್ಲಕ್ಕಿಂತ ಜಾಸ್ತಿ ಬೇಕಾದ ವಾರವೇ ಅದು. ಕೀಮೋ ಕೊಟ್ಟು ಸತ್ತರು ಎಂದು ಊರಲ್ಲಿ ಹೇಳುವ ಎಷ್ಟೋ ಸಾವುಗಳು ಈ ವಾರಗಳ ಸೋಂಕಿನಿಂದ ಆದವು. ಅಪಾಯ ಇಲ್ಲ ಎಂದು ನಾನು ಹೇಳುವುದಿಲ್ಲ, ಇದೆ. ಒಳ್ಳೆಯ ಆರೈಕೆಯಲ್ಲಿದ್ದರೂ ಕೆಲವರನ್ನು ಕಳೆದುಕೊಳ್ಳುತ್ತೇವೆ. ಆದರೆ ಚಿಕಿತ್ಸೆ ಇಲ್ಲದೆ ಎಎಂಎಲ್ ವಾರಗಳಲ್ಲೋ ಕೆಲವೇ ತಿಂಗಳಲ್ಲೋ ಜೀವ ತೆಗೆಯುತ್ತದೆ. ಸಾಮಾನ್ಯವಾಗಿ 21ರಿಂದ 28ನೇ ದಿನದ ಸುಮಾರಿಗೆ ರಕ್ತಕಣಗಳು ಮತ್ತೆ ಏರತೊಡಗುತ್ತವೆ. ಆಗ ಮತ್ತೆ ಬೋನ್ ಮ್ಯಾರೋ ನೋಡುತ್ತಾರೆ. ಬ್ಲಾಸ್ಟ್ ಶೇ 5ಕ್ಕಿಂತ ಕಮ್ಮಿ ಆಗಿ, ರಕ್ತದ ಲೆಕ್ಕ ಸರಿಯಾಗಿದ್ದರೆ ಅದಕ್ಕೆ ರೆಮಿಷನ್ ಅನ್ನುತ್ತೇವೆ. 60 ವರ್ಷದೊಳಗಿನವರಲ್ಲಿ ನೂರಕ್ಕೆ 60ರಿಂದ 80 ಜನ ಅಲ್ಲಿಗೆ ತಲುಪುತ್ತಾರೆ.

ರೆಮಿಷನ್ ಬಂತೆಂದರೆ ಗುಣವಾಯಿತು ಅಂತ ಅಲ್ಲ. ಕಾಯಿಲೆ ಪತ್ತೆಯಾದಾಗ ದೇಹದಲ್ಲಿ ಸುಮಾರು ಒಂದು ಲಕ್ಷ ಕೋಟಿ ಕ್ಯಾನ್ಸರ್ ಕಣ ಇರುತ್ತವೆ. ರೆಮಿಷನ್ ಬಂದಾಗಲೂ ಕಣ್ಣಿಗೆ ಕಾಣದಂತೆ ನೂರಾರು ಕೋಟಿ ಉಳಿದಿರಬಹುದು. ಹೊಲದಲ್ಲಿ ಕರಕಿ ಹುಲ್ಲು ಮೇಲೆ ಮೇಲೆ ಕಿತ್ತರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬೇರು ತೆಗೆಯುವ ಕೆಲಸ ಆಮೇಲಿನ ಕೀಮೋಗಳದ್ದು. ಕೆಲವರಿಗೆ ಬೇರೆಯವರ ಒಳ್ಳೆಯ ಮಜ್ಜೆ ಹಾಕುವ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಬೇಕಾಗುತ್ತದೆ. ಯಾರಿಗೆ ಬೇಕು ಎಂದು ಹೇಳುವುದು ಜೀನ್ ಟೆಸ್ಟ್. ಆದ್ದರಿಂದ ಆ ಟೆಸ್ಟಿಗೆ ದುಡ್ಡು ಜಾಸ್ತಿ ಎಂದು ಬಿಡಬೇಡಿ.

ಇನ್ನೊಂದು ವಿಷಯ ಕೇಳಿ. ಎಎಂಎಲ್‌ನಲ್ಲೇ ಎಪಿಎಲ್ ಎಂಬ ಒಂದು ಬಗೆ ಇದೆ. ಅದರಲ್ಲಿ ರಕ್ತಸ್ರಾವ ವಿಪರೀತ. ಆದರೆ ಎಎಂಎಲ್‌ಗಳಲ್ಲೆಲ್ಲ ಅತಿ ಚೆನ್ನಾಗಿ ಗುಣವಾಗುವುದೂ ಅದೇ. ವಿಟಮಿನ್ ಎ ಇಂದ ಬಂದ ಅಟ್ರಾ ಎಂಬ ಔಷಧಿ ಮತ್ತು ಆರ್ಸೆನಿಕ್, ಇವೆರಡರಿಂದಲೇ ಎಷ್ಟೋ ಜನ ಗುಣವಾಗುತ್ತಾರೆ. ಸಂಶಯ ಬಂದ ದಿನವೇ, ಪೂರ್ತಿ ರಿಪೋರ್ಟ್ ಬರುವ ಮುಂಚೆಯೇ ಅಟ್ರಾ ಶುರು ಮಾಡಬೇಕು. ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ: ಇದು ಎಪಿಎಲ್ ಅಲ್ಲ ಅಂತ ಖಚಿತ ಆಗಿದೆಯಾ?

ಪ್ರಶ್ನೆ (ಅದೇ ಸದಸ್ಯ):
ಕೇಳಿದೆವು ಡಾಕ್ಟ್ರೇ, ಎಪಿಎಲ್ ಅಲ್ಲವಂತೆ. ನಾಳೆ ಬೆಳಗ್ಗೆ ಅಡ್ಮಿಟ್. ಅವನಿಗೆ ಇನ್ನೂ ಮದುವೆ ಆಗಿಲ್ಲ. ಅವ್ವ ಅದನ್ನೇ ಯೋಚನೆ ಮಾಡುತ್ತಿದ್ದಾಳೆ.

ಉತ್ತರ:
ನಾಳೆವರೆಗೂ ಯಾಕೆ? ರಾತ್ರಿಯೇ ಕರೆದುಕೊಂಡು ಹೋಗಿ, ದಾಖಲಾತಿ ಆದಮೇಲೆ ಉಳಿದದ್ದು.

ಅವ್ವನ ಚಿಂತೆ ಸರಿಯಾದದ್ದೇ. ಕೀಮೋ ವೀರ್ಯಾಣುಗಳಿಗೆ ಪೆಟ್ಟು ಕೊಡಬಹುದು, ಟ್ರಾನ್ಸ್‌ಪ್ಲಾಂಟ್ ಆದರೆ ಇನ್ನೂ ಜಾಸ್ತಿ. ಕೀಮೋ ಶುರುವಾಗುವ ಮುಂಚೆ ವೀರ್ಯ ಸಂಗ್ರಹಿಸಿ ಇಡುವ ವ್ಯವಸ್ಥೆ ಇದೆ. ಗರ್ಭಧಾರಣೆ ಚಿಕಿತ್ಸೆಯ ಕೇಂದ್ರಗಳಲ್ಲಿ ವಿಚಾರಿಸಬಹುದು. ತಮ್ಮನ ಹತ್ತಿರ ಈ ಮಾತನ್ನು ನೀವೇ ಆಡಿ. ಅವ್ವನ ಎದುರು ಆ ವಯಸ್ಸಿನ ಹುಡುಗ ಬಾಯಿ ಬಿಡುವುದಿಲ್ಲ. ಆದರೆ ಇದಕ್ಕಾಗಿ ಕೀಮೋ ತಡ ಆಗುವ ಹಾಗಿದ್ದರೆ ಜೀವಕ್ಕೇ ಮೊದಲ ಜಾಗ ಕೊಡಿ.

ಪ್ರಶ್ನೆ (ಬೀದರ್, ಒಬ್ಬ ತಾಯಿ):
ಸರ್, ನನ್ನ ಮಗಳಿಗೆ ಐದು ವರ್ಷ. ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಅಂತ ಹೈದರಾಬಾದಿನಲ್ಲಿ ಚಿಕಿತ್ಸೆ ಶುರುವಾಗಿದೆ. ಎರಡು ವಾರ ಆಯಿತು. ಮಗು ಈಗ ಚೆನ್ನಾಗಿದ್ದಾಳೆ. ಜ್ವರ ಇಲ್ಲ, ಕುತ್ತಿಗೆ ಗಂಟು ಕರಗಿವೆ. ಯಾವಾಗ ನೋಡಿದರೂ ಹಸಿವು ಅನ್ನುತ್ತಾಳೆ, ಮುಖ ದುಂಡಗಾಗಿದೆ. ಅತ್ತೆ ಮಾವ ‘ಗುಣ ಆದಳಲ್ಲ, ಸುಮ್ನೆ ಯಾಕೆ ಕೂಸಿಗೆ ಬೆನ್ನಲ್ಲಿ ಸೂಜಿ ಚುಚ್ಚಿಸುತ್ತೀರಿ, ಮನೆಗೆ ಕರೆದುಕೊಂಡು ಬನ್ನಿ’ ಎನ್ನುತ್ತಾರೆ. ಬೆನ್ನಿನ ಸೂಜಿಯಿಂದ ಕಾಲು ಬಿದ್ದುಹೋಗುತ್ತವಾ?

ಉತ್ತರ:
ಅಮ್ಮಾ, ಮಗು ಚೆನ್ನಾಗಿದ್ದಾಳೆ ಎಂದು ಓದಿ ನಿಜವಾಗಿಯೂ ಸಂತೋಷ ಆಯಿತು. ಔಷಧಿ ಕೆಲಸ ಮಾಡುತ್ತಿದೆ ಎಂಬುದರ ಗುರುತು ಅದು. ಹಸಿವು, ದುಂಡು ಮುಖ, ಸಿಟ್ಟು, ಅಳು ಇವೆಲ್ಲ ಸ್ಟೆರಾಯ್ಡ್‌ನಿಂದ. ಸ್ಟೆರಾಯ್ಡ್ ನಿಂತ ಮೇಲೆ ಇಳಿಯುತ್ತವೆ.

ಆದರೆ ಈಗ ಬಿಡಬೇಡಿ. ಕೈ ಮುಗಿದು ಹೇಳುತ್ತೇನೆ. ಎಎಲ್‌ಎಲ್‌ನಲ್ಲಿ ಮೊದಲ ಹಂತವೇ ನಾಲ್ಕರಿಂದ ಐದು ವಾರ. ಸ್ಟೆರಾಯ್ಡ್ ಜೊತೆಗೆ ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್, ನಡುವೆ ಆಸ್ಪರಾಜಿನೇಸ್, ಕೆಲವರಿಗೆ ಡಾನೊರುಬಿಸಿನ್ ಸಹ. ಕೊನೆಯಲ್ಲಿ ಮಜ್ಜೆಯಲ್ಲಿ ಉಳಿದಿರುವ ಅತಿ ಸಣ್ಣ ಪ್ರಮಾಣದ ಕ್ಯಾನ್ಸರನ್ನು ಹುಡುಕುವ ಎಂಆರ್‌ಡಿ ಟೆಸ್ಟ್ ಮಾಡುತ್ತಾರೆ. ಮುಂದೆ ಕೀಮೋ ಎಷ್ಟು ಜೋರಾಗಿರಬೇಕು ಎಂದು ನಿರ್ಧಾರ ಆಗುವುದು ಅದರ ಮೇಲೆ. ಆಮೇಲೆ ಕೆಲವು ತಿಂಗಳು ಗಟ್ಟಿ ಚಿಕಿತ್ಸೆ, ಆಮೇಲೆ ಮನೆಯಲ್ಲೇ ಗುಳಿಗೆ. ದಿನಾಲೂ 6-ಎಂಪಿ, ವಾರಕ್ಕೆ ಒಂದೇ ದಿನ ಮೆಥೊಟ್ರೆಕ್ಸೇಟ್. ಎಲ್ಲ ಸೇರಿ ಎರಡರಿಂದ ಮೂರು ವರ್ಷ. ಉದ್ದದ ದಾರಿ ನಿಜ. ಆದರೆ ಮಗು ಆಡುತ್ತಾ, ಆಮೇಲೆ ಶಾಲೆಗೆ ಹೋಗುತ್ತಾ ನಡೆಯುವ ದಾರಿ. ಮುಂದುವರಿದ ದೇಶಗಳಲ್ಲಿ ಈ ಕಾಯಿಲೆ ಬಂದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಉಳಿಯುತ್ತಾರೆ. ನಮ್ಮಲ್ಲಿ ಆ ಲೆಕ್ಕ ಕಮ್ಮಿ ಇರುವುದಕ್ಕೆ ಒಂದು ದೊಡ್ಡ ಕಾರಣ ನಡುವೆ ಚಿಕಿತ್ಸೆ ಬಿಡುವುದು. ನಡುವೆ ಬಿಟ್ಟು ಕಾಯಿಲೆ ಮರಳಿ ಬಂದರೆ ಮೊದಲ ಸಲದಷ್ಟು ಸುಲಭವಾಗಿ ಅದು ಮಣಿಯುವುದಿಲ್ಲ.

ಬೆನ್ನಿನ ಸೂಜಿಯಿಂದ ಕಾಲು ಬಿದ್ದುಹೋಗುತ್ತವೆ ಎಂಬ ಭಯ ಬಿಡಿ. ಬೆನ್ನುಹುರಿ ಮುಗಿದು, ಅದಕ್ಕಿಂತ ಕೆಳಗಿನ ಜಾಗದಲ್ಲಿ, ಸೊಂಟದ ಹತ್ತಿರ ಸೂಜಿ ಹಾಕುತ್ತಾರೆ. ಇದು ಯಾಕೆ ಬೇಕೆಂದರೆ, ರಕ್ತದಲ್ಲಿ ಹೋಗುವ ಬಹುಪಾಲು ಕೀಮೋ ಮೆದುಳಿನ ಸುತ್ತಲಿನ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ಕ್ಯಾನ್ಸರ್ ಕಣಗಳು ಅಲ್ಲಿ ಅಡಗಿ ಕುಳಿತು ಆಮೇಲೆ ಎದ್ದು ಬರುತ್ತವೆ. ಹಿಂದೆ ಈ ಸೂಜಿ ಇಲ್ಲದ ಕಾಲದಲ್ಲಿ ಎಷ್ಟೋ ಮಕ್ಕಳಿಗೆ ಕಾಯಿಲೆ ಮರಳುತ್ತಿದ್ದದ್ದು ಮೆದುಳಿನಲ್ಲೇ. ನೋವಾಗದ ಹಾಗೆ ಮಂಪರು ಕೊಟ್ಟು ಮಾಡಿ ಎಂದು ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ. ಆದ ಮೇಲೆ ಡಾಕ್ಟರ್ ಹೇಳಿದಷ್ಟು ಹೊತ್ತು ಮಗುವನ್ನು ಮಲಗಿಸಿ ಇಡಿ.

ವಿನ್‌ಕ್ರಿಸ್ಟಿನ್‌ನಿಂದ ಮಲಬದ್ಧತೆ ಆಗುತ್ತದೆ. ಎರಡು ದಿನ ಹೊರಗೆ ಹೋಗದಿದ್ದರೆ ಹೇಳಿ, ಎನಿಮಾ ಮಾತ್ರ ಬೇಡ. ಅತ್ತೆ ಮಾವಂದಿರನ್ನು ಒಮ್ಮೆ ಡಾಕ್ಟರ್ ಮುಂದೆ ಕೂರಿಸಿ ಮಾತಾಡಿಸಿ. ಸೊಸೆಯ ಬಾಯಿಂದ ಕೇಳುವುದಕ್ಕೂ ಡಾಕ್ಟರ್ ಬಾಯಿಂದ ಕೇಳುವುದಕ್ಕೂ ವ್ಯತ್ಯಾಸ ಇದೆ, ಅದು ನಮ್ಮ ಮನೆಗಳ ರೀತಿ.

ಪ್ರಶ್ನೆ (ಸುರಪುರ, ಯಾದಗಿರಿ ಜಿಲ್ಲೆ):
ನಮ್ಮ ಅಪ್ಪನಿಗೆ 62. ಕುತ್ತಿಗೆ, ಕಂಕುಳಲ್ಲಿ ಗಂಟು ಬಂದಿದ್ದವು. ಒಬ್ಬರು ಡೆಕ್ಸಾ ಸೂಜಿ ಹಾಕಿದರು, ಗಂಟು ಅರ್ಧ ಇಳಿದವು. ಈಗ ಮತ್ತೆ ಬೆಳೆದಿವೆ. ದೊಡ್ಡ ದವಾಖಾನೆಯಲ್ಲಿ ಗಂಟು ಕತ್ತರಿಸಿ ಬಯಾಪ್ಸಿ ಮಾಡಬೇಕು ಎನ್ನುತ್ತಾರೆ. ಕತ್ತರಿಸಿದರೆ ಕ್ಯಾನ್ಸರ್ ಹರಡುತ್ತದಂತೆ ನಿಜವಾ? ಅದರ ಬದಲು ಅದೇ ಸೂಜಿ ಮುಂದುವರಿಸಬಹುದಾ?

ಉತ್ತರ:
ಹರಡುವುದಿಲ್ಲ. ಬಯಾಪ್ಸಿ ಮಾಡಿಸಿ. ಆ ಸೂಜಿ ನಿಲ್ಲಿಸಿ.

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಯಾಕೆಂದರೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬರುವ ರೋಗಿಗಳಲ್ಲಿ ನನಗೆ ಜಾಸ್ತಿ ಕಾಡುವುದು ಇದೇ. ಜ್ವರಕ್ಕೆ, ಕೀಲು ನೋವಿಗೆ, ಗಂಟಿಗೆ, ಎಲ್ಲಕ್ಕೂ ಡೆಕ್ಸಾಮೆಥಾಸೋನ್, ಬೆಟ್ನೆಸಾಲ್ ಎಂಬ ಸ್ಟೆರಾಯ್ಡ್ ಸೂಜಿ. ರೋಗಿಗೆ ಎರಡು ದಿನದಲ್ಲಿ ಹುರುಪು ಬರುತ್ತದೆ. ಆದರೆ ಲಿಂಫೋಮಾ (ಇಂಥ ಗಂಟುಗಳಲ್ಲಿ ಬರುವ ರಕ್ತದ ಕ್ಯಾನ್ಸರ್) ಮತ್ತು ಎಎಲ್‌ಎಲ್‌ನಲ್ಲಿ ಸ್ಟೆರಾಯ್ಡ್ ಸ್ವತಃ ಕ್ಯಾನ್ಸರಿನ ಔಷಧಿ. ಅರೆಬರೆ ಕೊಟ್ಟರೆ ಗಂಟು ಕರಗಿ, ಬಯಾಪ್ಸಿಯಲ್ಲಿ ಕಾಯಿಲೆಯ ಹೆಸರೇ ಸಿಗುವುದಿಲ್ಲ. ಹೆಸರು ಸಿಗದೆ ಸರಿಯಾದ ಚಿಕಿತ್ಸೆ ಶುರು ಮಾಡಲು ಆಗುವುದಿಲ್ಲ. ಒಳಗೊಳಗೆ ಉಳಿದ ಕಣಗಳು ಔಷಧಿಗೆ ಬಗ್ಗದಂತೆ ಗಟ್ಟಿಯಾಗುತ್ತವೆ. ಎರಡು ಮೂರು ವಾರದಿಂದ ಇಳಿಯದ ಗಂಟು, ಕಾರಣ ತಿಳಿಯದ ಜ್ವರ ಇದ್ದರೆ ಸ್ಟೆರಾಯ್ಡ್‌ಗೆ ಮುಂಚೆ ಒಂದು ಸಿಬಿಸಿ (ರಕ್ತಕಣಗಳ ಲೆಕ್ಕ) ಮತ್ತು ರಕ್ತದ ಸ್ಮಿಯರ್ (ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸಿ. ಯಾವ ಊರಲ್ಲಾದರೂ ಆಗುವ, ಕಡಿಮೆ ಖರ್ಚಿನ ತಪಾಸಣೆ ಅದು. ಅಪ್ಪನಿಗೆ ಎಷ್ಟು ಸೂಜಿ, ಯಾವ ದಿನ ಹಾಕಿದರು ಅಂತ ಬಯಾಪ್ಸಿ ಮಾಡುವ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬರಿ ಸೂಜಿ ಚುಚ್ಚಿ ಸ್ವಲ್ಪ ಕಣ ತೆಗೆಯುವ ಎಫ್‌ಎನ್‌ಎಸಿ ಸಾಲುವುದಿಲ್ಲ, ಸಾಧ್ಯವಾದರೆ ಪೂರ್ತಿ ಗಂಟು ತೆಗೆಯಬೇಕು. ನಮ್ಮ ಕಡೆ ಗಂಟು ಎಂದರೆ ಟಿಬಿಯೂ ಆಗಿರಬಹುದು. ಅದೂ ಬಯಾಪ್ಸಿಯಲ್ಲೇ ಗೊತ್ತಾಗುತ್ತದೆ.

ಲಿಂಫೋಮಾ ಎಂದು ಬಂದರೂ ಎದೆಗುಂದಬೇಡಿ. ಈ ವಯಸ್ಸಿನಲ್ಲಿ ಜಾಸ್ತಿ ಕಾಣುವ ಡಿಎಲ್‌ಬಿಸಿಎಲ್ ಎಂಬ ಬಗೆಗೆ ಆರ್-ಚಾಪ್ ಎಂಬ ಚಿಕಿತ್ಸೆ ಇದೆ. 21 ದಿನಕ್ಕೊಮ್ಮೆ, ಸಾಮಾನ್ಯವಾಗಿ ಆರು ಸಲ. ತಿಂಗಳಾನುಗಟ್ಟಲೆ ದವಾಖಾನೆಯಲ್ಲಿ ಇರಬೇಕಾಗಿಲ್ಲ, ಹೆಚ್ಚಿನವರು ಡೇ ಕೇರ್‌ನಲ್ಲಿ ತೆಗೆದುಕೊಂಡು ಸಂಜೆ ಮನೆಗೆ ಹೋಗುತ್ತಾರೆ. ಅರ್ಧಕ್ಕಿಂತ ಜಾಸ್ತಿ ಜನ ಇದೊಂದರಲ್ಲೇ ಗುಣವಾಗುತ್ತಾರೆ. ಮೊದಲ ಡೋಸಿಗೆ ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಆಗಿದೆಯಾ ಎಂದು ಕೇಳಿ. ಈ ಚಿಕಿತ್ಸೆಯಲ್ಲಿರುವ ರಿಟುಕ್ಸಿಮ್ಯಾಬ್ ಔಷಧಿ ಕೊಟ್ಟಾಗ ಒಳಗೆ ಮಲಗಿರುವ ಆ ವೈರಸ್ ಏಳಬಹುದು.

ಪ್ರಶ್ನೆ (ಚಿಂಚೋಳಿ):
ಡಾಕ್ಟ್ರೇ, ನನ್ನ ಮಾವನಿಗೆ ಸಿಎಲ್‌ಎಲ್ ಅಂತೆ. ರಿಪೋರ್ಟ್ ನೋಡಿ ‘ಈಗ ಏನೂ ಬೇಡ, ಮೂರು ತಿಂಗಳಿಗೆ ಬನ್ನಿ’ ಎಂದು ಕಳಿಸಿದ್ದಾರೆ. ಕ್ಯಾನ್ಸರ್ ಇಟ್ಟುಕೊಂಡು ಸುಮ್ನೆ ಕೂತಿರಬೇಕಾ? ದುಡ್ಡಿಲ್ಲದವರು ಎಂದು ಹೀಗೆ ಮಾಡಿದರಾ?

ಉತ್ತರ:
ಇಲ್ಲ, ದುಡ್ಡಿದ್ದವರಿಗೂ ಇದನ್ನೇ ಹೇಳುತ್ತೇವೆ. ಸಿಎಲ್‌ಎಲ್ ವಯಸ್ಸಾದವರಲ್ಲಿ ಬರುವ ತೀರಾ ನಿಧಾನದ ಕಾಯಿಲೆ. ತೊಂದರೆ ಇಲ್ಲದಿದ್ದಾಗ ಬೇಗ ಔಷಧಿ ಶುರು ಮಾಡಿದರೆ ಆಯಸ್ಸು ಹೆಚ್ಚುವುದಿಲ್ಲ, ಅಡ್ಡ ಪರಿಣಾಮ ಮಾತ್ರ ಸಿಗುತ್ತದೆ ಅಂತ ಪರೀಕ್ಷೆ ಮಾಡಿಯೇ ತಿಳಿದಿದ್ದಾರೆ. ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಇಳಿದರೆ, ಗಂಟು ದೊಡ್ಡದಾದರೆ, ತೂಕ ಇಳಿದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ ಆಗ ಶುರು ಮಾಡುತ್ತಾರೆ. ಮೂರು ತಿಂಗಳ ತಪಾಸಣೆ ತಪ್ಪಿಸಬೇಡಿ.

ಪ್ರಶ್ನೆ (ಹುಮನಾಬಾದ್):
ಅವ್ವನಿಗೆ ಬೆನ್ನು ನೋವು, ಹಿಮೋಗ್ಲೋಬಿನ್ 7. ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರ್ ಇರಬಹುದು ಎಂದಿದ್ದಾರೆ, ಟೆಸ್ಟ್ ನಡೆಯುತ್ತಿದೆ. ಅಲ್ಲಿಯವರೆಗೆ ನೋವಿಗೆ ಏನು ಕೊಡಲಿ?

ಉತ್ತರ:
ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಗುಳಿಗೆ ಬೇಡವೇ ಬೇಡ. ಮೈಲೋಮಾದಲ್ಲಿ ಮೂತ್ರಪಿಂಡ ಮೊದಲೇ ಸೋತಿರುತ್ತದೆ, ಈ ಗುಳಿಗೆಗಳು ಪೂರ್ತಿ ಕೆಡಿಸಬಹುದು. ಪ್ಯಾರಾಸಿಟಮಾಲ್ ಕೊಡಿ. ಅದರಲ್ಲಿ ನಿಲ್ಲದಿದ್ದರೆ ಡಾಕ್ಟರ್ ಟ್ರಮಡಾಲ್ ಅಥವಾ ಮಾರ್ಫಿನ್ ಬರೆದುಕೊಡುತ್ತಾರೆ. ನೀರು ಚೆನ್ನಾಗಿ ಕುಡಿಸಿ, ಭಾರ ಎತ್ತಿಸಬೇಡಿ. ಕಾಲಲ್ಲಿ ಜೋಮು, ಶಕ್ತಿ ಇಲ್ಲದಂತಾಗುವುದು ಅಥವಾ ಮೂತ್ರ ಕಟ್ಟುವುದು ಕಂಡರೆ ಅದೇ ದಿನ ದವಾಖಾನೆಗೆ ಹೋಗಿ. ಮೈಲೋಮಾ ಖಚಿತವಾದರೆ ಮೊದಲು ಕೊಡುವುದು ಹೆಚ್ಚಾಗಿ ಬೊರ್ಟೆಜೊಮಿಬ್ ಸೂಜಿ, ಲೆನಲಿಡೊಮೈಡ್ ಗುಳಿಗೆ, ಡೆಕ್ಸಾಮೆಥಾಸೋನ್. ಕೂದಲು ಉದುರಿಸುವ ಹಳೆಯ ಕೀಮೋ ಅಲ್ಲ ಇವು.

ಪ್ರಶ್ನೆ (ಆಳಂದ):
ಇಷ್ಟೆಲ್ಲ ಖರ್ಚಿಗೆ ಬಡವರು ಏನು ಮಾಡಬೇಕು ಸರ್? ಕಲಬುರಗಿಯಲ್ಲೇ ಆಗುತ್ತದಾ, ಬೆಂಗಳೂರಿಗೇ ಹೋಗಬೇಕಾ?

ಉತ್ತರ:
ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್ ರೇಷನ್ ಕಾರ್ಡ್ ಆದರೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ರೋಗಿಯ ಹೆಸರು, ವಯಸ್ಸು ಆಧಾರ್‌ನಲ್ಲೂ ರೇಷನ್ ಕಾರ್ಡ್‌ನಲ್ಲೂ ಒಂದೇ ಥರ ಇದೆಯಾ ನೋಡಿಕೊಳ್ಳಿ. ಕಾಗದದ ಇಂಥ ಸಣ್ಣ ವ್ಯತ್ಯಾಸಕ್ಕೆ ಅಲೆದಾಡಿ ದಿನ ಕಳೆಯುವ ಹೊತ್ತಲ್ಲ ಇದು. ದವಾಖಾನೆಯಲ್ಲಿ ಆರೋಗ್ಯ ಮಿತ್ರ ಎಂದು ಒಬ್ಬರು ಇರುತ್ತಾರೆ, ಮೊದಲ ದಿನವೇ ಅವರನ್ನು ಹುಡುಕಿ. ಬೀದರಿನವರು ಹೈದರಾಬಾದಿಗೆ, ಗಡಿಯ ಕಡೆಯವರು ಸೊಲ್ಲಾಪುರಕ್ಕೆ ಹೋಗುವ ಮುಂಚೆ ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದಾ ಎಂದು ಫೋನ್ ಮಾಡಿ ಕೇಳಿಕೊಳ್ಳಿ.

ಎಲ್ಲಿ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯ ಇದು. ಲಿಂಫೋಮಾ, ಮೈಲೋಮಾ, ಸಿಎಂಎಲ್ ಇದ್ದವರಿಗೆ ಒಮ್ಮೆ ಕಾಯಿಲೆ ಖಚಿತವಾಗಿ ಚಿಕಿತ್ಸೆ ನಿಗದಿಯಾದ ಮೇಲೆ ಬಹುಪಾಲು ಕಲಬುರಗಿಯಲ್ಲೇ ನಡೆಸಬಹುದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆಯೂ ನಮ್ಮಲ್ಲಿದೆ. ಆದರೆ ಎಎಂಎಲ್ ಇಂಡಕ್ಷನ್‌ಗೆ ಹಗಲು ರಾತ್ರಿ ಪ್ಲೇಟ್‌ಲೆಟ್ ಸಿಗುವ ಬ್ಲಡ್ ಬ್ಯಾಂಕ್, ಬೇರೆ ರೋಗಿಗಳಿಂದ ದೂರ ಇಡುವ ಕೋಣೆ, ಐಸಿಯು, ಈ ಕೆಲಸ ಪದೇ ಪದೇ ಮಾಡಿದ ತಂಡ ಬೇಕು. ನೀವು ಹೋಗುವ ಕಡೆ ಈ ನಾಲ್ಕೂ ಇವೆಯಾ ಎಂದು ನೇರವಾಗಿ ಕೇಳಿ. ಇಲ್ಲ ಎಂದರೆ ಅಲ್ಲಿ ಎರಡು ದಿನ ಕಾಯದೆ, ರಕ್ತ ಹಾಕಿಸಿಕೊಂಡು, ಬೆಂಗಳೂರಿನ ಕಿದ್ವಾಯಿಗೋ ಹೈದರಾಬಾದಿನ ಎಂಎನ್‌ಜೆ ಅಥವಾ ನಿಮ್ಸ್‌ಗೋ ಹೊರಡಿ. ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗುವಾಗ ರೈಲಿನ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ದವಾಖಾನೆಯಿಂದ ರೈಲ್ವೆ ನಮೂನೆಯಲ್ಲಿ ಸರ್ಟಿಫಿಕೇಟ್ ಬರೆಸಿಕೊಳ್ಳಿ.

ಪ್ರಶ್ನೆ (ಕಲಬುರಗಿ, ಕಾಲೇಜು ವಿದ್ಯಾರ್ಥಿನಿ):
ಸೇಡಂನ ಅಣ್ಣನ ತಮ್ಮನಿಗೆ ಪ್ಲೇಟ್‌ಲೆಟ್ ಕೊಡಲು ನಾವು ಐದಾರು ಜನ ತಯಾರಿದ್ದೇವೆ. ಎಲ್ಲರೂ ನಾಳೆಯೇ ಹೋಗಬೇಕಾ?

ಉತ್ತರ:
ತಂಗಿ, ನಿಮ್ಮಂಥವರಿಂದಲೇ ಈ ಚಿಕಿತ್ಸೆ ನಡೆಯುವುದು. ಆದರೆ ಒಂದೇ ದಿನ ಎಲ್ಲರೂ ಹೋಗಬೇಡಿ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಜಾಸ್ತಿ ಉಳಿಯುವುದಿಲ್ಲ, ಹುಡುಗನಿಗೆ ಬೇಕಾಗುವುದು ಮೂರು ವಾರದುದ್ದಕ್ಕೂ. ಸರದಿ ಮಾಡಿಕೊಳ್ಳಿ. ಯಂತ್ರದಲ್ಲಿ ಪ್ಲೇಟ್‌ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ನಿಮಗೇ ವಾಪಸ್ ಕೊಡುತ್ತಾರೆ, ಎಸ್‌ಡಿಪಿ ಅಂತ. ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. 18 ದಾಟಿರಬೇಕು, ತೂಕ ಸಾಕಷ್ಟಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ತೆಗೆದುಕೊಂಡಿರಬಾರದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ.

ಸೇಡಂನ ಅಣ್ಣನಿಗೆ ಇದೇ ಜಾಗದಲ್ಲಿ ಹೇಳುತ್ತೇನೆ: ನೀವು, ನಿಮ್ಮ ಅಕ್ಕ ತಂಗಿಯರು ತಮ್ಮನಿಗೆ ರಕ್ತ ಕೊಡಬೇಡಿ. ಮುಂದೆ ಟ್ರಾನ್ಸ್‌ಪ್ಲಾಂಟ್ ಬೇಕಾದರೆ ನೀವೇ ದಾನಿಗಳು. ಈಗಲೇ ನಿಮ್ಮ ರಕ್ತ ಹೋದರೆ ಅವನ ದೇಹ ನಿಮ್ಮ ಕಣಗಳ ವಿರುದ್ಧ ತಿರುಗಬಹುದು.

ಪ್ರಶ್ನೆ (ಶಹಾಪುರ):
ನನ್ನ ಹೆಂಡತಿಗೆ ಎರಡನೇ ಕೀಮೋ ಆಗಿ ಮನೆಗೆ ಬಂದಿದ್ದೇವೆ. ಊರು ದವಾಖಾನೆಯಿಂದ ದೂರ. ರಾತ್ರಿ ಜ್ವರ ಬಂದರೆ ಏನು ಮಾಡಲಿ? ಊಟಕ್ಕೆ ಏನು ಕೊಡಲಿ?

ಉತ್ತರ:
ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಅಥವಾ ಜ್ವರ ಇಲ್ಲದೆಯೂ ಚಳಿ ನಡುಕ ಬಂದರೆ, ಬೆಳಗಾಗುವವರೆಗೆ ಕಾಯಬೇಡಿ. ಪ್ಯಾರಾಸಿಟಮಾಲ್ ಕೊಟ್ಟು ‘ಇಳಿಯುತ್ತದಾ ನೋಡೋಣ’ ಅನ್ನಬೇಡಿ. ಬಿಳಿ ಕಣ ಇಲ್ಲದ ದೇಹದಲ್ಲಿ ಸೋಂಕು ಗಂಟೆಗಳಲ್ಲಿ ಏರುತ್ತದೆ. ದವಾಖಾನೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಸೂಜಿ ರಕ್ತಕ್ಕೆ ಹೋಗಬೇಕು. ಮೊದಲು ಹತ್ತಿರದ ದೊಡ್ಡ ದವಾಖಾನೆಗೆ, ಅಂದರೆ ಯಾದಗಿರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ನಿಮ್ಮ ಕ್ಯಾನ್ಸರ್ ಡಾಕ್ಟರ್ ಹತ್ತಿರ ಈಗಲೇ ಒಂದು ಚೀಟಿ ಬರೆಸಿ ಇಟ್ಟುಕೊಳ್ಳಿ: ಕಾಯಿಲೆಯ ಹೆಸರು, ಕೊನೆಯ ಕೀಮೋ ತಾರೀಖು, ಜ್ವರ ಬಂದರೆ ಯಾವ ಸೂಜಿ. ರಾತ್ರಿ ಡ್ಯೂಟಿಯ ಡಾಕ್ಟರಿಗೆ ಆ ಚೀಟಿ ಕೈಗೆ ಕೊಡಿ. ಪ್ಲೇಟ್‌ಲೆಟ್ ಕಮ್ಮಿ ಇರುವಾಗ ಸೊಂಟಕ್ಕೆ ಸೂಜಿ ಬೇಡ ಎಂದೂ ಹೇಳಿ.

ಊಟದಲ್ಲಿ ಪಥ್ಯದ ಹೆಸರಲ್ಲಿ ಉಪವಾಸ ಕೆಡವಬೇಡಿ. ಬಿಸಿ ರೊಟ್ಟಿ, ಬೇಳೆ, ಬೇಯಿಸಿದ ಪಲ್ಯ, ಚೆನ್ನಾಗಿ ಬೆಂದ ಮೊಟ್ಟೆ, ಅನ್ನ ಎಲ್ಲ ಕೊಡಿ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಮೆಂತ್ಯ ಸೊಪ್ಪು, ಮೂಲಂಗಿ, ಸೌತೆಕಾಯಿ ಕಡಿಯುವ ರೂಢಿ ನಮ್ಮದು. ರಕ್ತಕಣ ಏರುವವರೆಗೆ ಅಷ್ಟು ಬಿಡಿ. ಸಿಪ್ಪೆ ಸುಲಿಯುವ ಬಾಳೆಹಣ್ಣು, ಮೋಸಂಬಿ ತೊಳೆದು ಕೊಡಬಹುದು. ನೀರು ಕುದಿಸಿ ಆರಿಸಿ. ನಮ್ಮ ಬಿಸಿಲಲ್ಲಿ ನೀರು ಕಮ್ಮಿ ಬೀಳದಂತೆ ನೋಡಿಕೊಳ್ಳಿ. ಬಾಯಿ ಹುಣ್ಣಿದ್ದರೆ ಖಾರ ಬೇಡ, ಗಂಜಿ ಕೊಡಿ. ಜಾತ್ರೆ, ಉರುಸು, ಮದುವೆ ಗದ್ದಲಕ್ಕೆ ಕರೆದುಕೊಂಡು ಹೋಗಬೇಡಿ, ಹರಕೆ ಆಮೇಲೂ ತೀರಿಸಬಹುದು.

ಪ್ರಶ್ನೆ (ಸೇಡಂ ಸದಸ್ಯ):
ರಾತ್ರಿಯೇ ಅಡ್ಮಿಟ್ ಆಯಿತು ಡಾಕ್ಟ್ರೇ. ಸಲೈನ್ ಶುರುವಾಗಿದೆ. ಊರಿಂದ ಹತ್ತು ಹನ್ನೆರಡು ಜನ ನೋಡಲು ಹೊರಟಿದ್ದಾರೆ. ಬರಬೇಡಿ ಅನ್ನುವುದು ಹೇಗೆ?

ಉತ್ತರ:
ಒಳ್ಳೆಯ ಕೆಲಸ ಮಾಡಿದಿರಿ. ಬರುವವರಿಗೆ ಡಾಕ್ಟರೇ ಬೇಡ ಅಂದಿದ್ದಾರೆ ಎಂದು ನನ್ನ ಹೆಸರು ಹೇಳಿ. ವಾರ್ಡಿನಲ್ಲಿ ಒಬ್ಬರೇ ಇರಲಿ, ನೆಗಡಿ ಕೆಮ್ಮು ಇಲ್ಲದವರು, ಕೈ ಸಾಬೂನಿನಿಂದ ತೊಳೆದುಕೊಳ್ಳುವವರು. ನೀವೊಬ್ಬರೇ ತಿಂಗಳಿಡೀ ನಿಂತರೆ ಸೋತುಹೋಗುತ್ತೀರಿ, ನಾಲ್ಕೈದು ದಿನಕ್ಕೊಮ್ಮೆ ಬದಲಿ ಇಟ್ಟುಕೊಳ್ಳಿ. ಊರಿನವರು ಹುಡುಗನ ಜೊತೆ ವಿಡಿಯೋ ಕಾಲ್‌ನಲ್ಲಿ ಮಾತಾಡಲಿ. ಬಂದೇ ಬರುತ್ತೇವೆ ಎನ್ನುವವರಿದ್ದರೆ ಬ್ಲಡ್ ಬ್ಯಾಂಕಿಗೆ ಬರಲು ಹೇಳಿ, ಆ ವಿದ್ಯಾರ್ಥಿನಿಯ ಸರದಿ ಪಟ್ಟಿಗೆ ಅವರ ಹೆಸರೂ ಸೇರಲಿ.